ರಷ್ಯದ ಹೊಸವರ್ಷದ ಸಲಾಡ್: ರುಚಿಯೂ ಇರಲಿ, ಎಚ್ಚರವೂ ಇರಲಿ

ಹೋಳಿಗೆಯನ್ನು ಮಾಡಿದ ದಿನಕ್ಕಿಂತ ಮರುದಿನ ತಿಂದರೇ ರುಚಿ ಎನ್ನುವವರು ನಮ್ಮಲ್ಲಿ ಬಹಳ ಮಂದಿ. ಹಬ್ಬದಡುಗೆಯ ಸ್ವಭಾವವೇ ಹಾಗೆ. ಒಂದು ಹೊತ್ತಿಗೆ ಬೇಕಾದುದಕ್ಕಿಂತ ಹೆಚ್ಚು ಮಾಡುತ್ತೇವೆ, ಮಿಕ್ಕಿದ್ದನ್ನು ಎರಡು ದಿನ ತಿನ್ನುತ್ತೇವೆ. ರಷ್ಯದ ಮನೆಗಳಲ್ಲಿ ಈ ಸ್ಥಾನ ಆಲೂಗಡ್ಡೆಯ ಒಂದು ಸಲಾಡಿಗೆ ಸಂದಿದೆ. ಅದರ ಹೆಸರು 'ಒಲಿವ್ಯೇ'. ನಮ್ಮ ಹೋಟೆಲುಗಳ ತಿಂಡಿಪಟ್ಟಿಯಲ್ಲಿ 'ರಷ್ಯನ್ ಸಲಾಡ್' ಎಂದು ಕಾಣುವುದು ಇದರದೇ ದೂರದ ನೆಂಟ.

ಡಿಸೆಂಬರ್ 31ರ ಮಧ್ಯಾಹ್ನ ರಷ್ಯದ ಅಡುಗೆಮನೆಗಳಲ್ಲಿ ಆಲೂಗಡ್ಡೆ, ಕ್ಯಾರೆಟ್ ಬೇಯುತ್ತಿರುತ್ತವೆ. ಅಜ್ಜಿ ಸಿಪ್ಪೆ ಸುಲಿದರೆ ಮೊಮ್ಮಕ್ಕಳು ಹೆಚ್ಚಿಕೊಡುತ್ತಾರೆ. ದೊಡ್ಡ ಬೋಗುಣಿ ತುಂಬ ಸಲಾಡ್ ಸಿದ್ಧವಾಗುತ್ತದೆ. ರಾತ್ರಿ ಹತ್ತರ ಹೊತ್ತಿಗೆ ಮೇಜಿನ ಮೇಲೆ ಬಂದು ಕೂತ ಈ ಬೋಗುಣಿ, ನಡುರಾತ್ರಿ ಕ್ರೆಮ್ಲಿನ್ ಗಡಿಯಾರದ ಗಂಟೆ ಬಾರಿಸಿದ ಮೇಲೂ ಅಲ್ಲೇ ಇರುತ್ತದೆ. ಜನವರಿ 1ರ ಮಧ್ಯಾಹ್ನದ ಊಟವೂ ಅದೇ, ಕೆಲವು ಮನೆಗಳಲ್ಲಿ 2ರ ಬೆಳಗಿನ ತಿಂಡಿಯೂ ಅದೇ.

ತೊಂದರೆ ಇರುವುದು ಇಲ್ಲಿಯೇ. ಹೋಳಿಗೆ ಬಿಸಿ ಕಾವಲಿಯ ಮೇಲೆ ಬೆಂದು ಬರುವ ಪದಾರ್ಥ. ಅದರಲ್ಲಿ ಬೆಲ್ಲ ಹೆಚ್ಚು, ನೀರಿನಂಶ ಕಡಿಮೆ. ಆದ್ದರಿಂದ ಒಂದೆರಡು ದಿನ ತಾಳುತ್ತದೆ. ಒಲಿವ್ಯೇ ಹಾಗಲ್ಲ. ಬೆಂದ ತರಕಾರಿ, ಮೊಟ್ಟೆ, ಮಾಂಸ ಎಲ್ಲವನ್ನೂ ಹೆಚ್ಚಿ, ಕೈಯಲ್ಲಿ ಮುಟ್ಟಿ, ಕಲಸಿದ ಮೇಲೆ ಅದನ್ನು ಮತ್ತೆ ಬಿಸಿ ಮಾಡುವುದಿಲ್ಲ. ಹೆಚ್ಚುವಾಗ ಒಂದಿಷ್ಟು ರೋಗಾಣು ಸೇರಿಕೊಂಡರೆ ಅವುಗಳನ್ನು ಕೊಲ್ಲುವ ಹಂತ ಮುಂದೆ ಎಲ್ಲಿಯೂ ಇಲ್ಲ. ರಷ್ಯದ ಆರೋಗ್ಯ ಇಲಾಖೆಗಳು ಹೊಸವರ್ಷದ ಸಮಯದಲ್ಲಿ ಜನರಿಗೆ ಸಲಾಡಿನ ಬಗ್ಗೆ ಎಚ್ಚರಿಕೆ ಹೇಳುವುದು ಈ ಕಾರಣಕ್ಕೇ. ಈ ಸಲಾಡನ್ನು ಮಾಡುವುದು ಹೇಗೆ, ಯಾವ ಹಂತದಲ್ಲಿ ಏಕೆ ಎಚ್ಚರ ಬೇಕು ಎಂಬುದನ್ನು ಈ ವಾರ ನೋಡೋಣ.

ಹೆಸರು ಬಂದ ಬಗೆ

ಹತ್ತೊಂಬತ್ತನೆಯ ಶತಮಾನದ ಅರವತ್ತರ ದಶಕದಲ್ಲಿ ಮಾಸ್ಕೋದ ಟ್ರುಬ್ನಾಯಾ ಚೌಕದಲ್ಲಿ 'ಎರ್ಮಿತಾಜ್' ಎಂಬ ದೊಡ್ಡ ಭೋಜನಶಾಲೆ ಇತ್ತು. ಅಲ್ಲಿ ಹೆಸರು ಮಾಡಿದ ಬಾಣಸಿಗ ಲೂಸಿಯೆನ್ ಒಲಿವ್ಯೇ. ಅವರ ಸಲಾಡ್ ಶ್ರೀಮಂತರ ತಿನಿಸಾಗಿತ್ತು. ಬೇಟೆಯ ಹಕ್ಕಿಯ ಮಾಂಸ, ಸಿಹಿನೀರಿನ ಸೀಗಡಿಯಂಥ ಜೀವಿಯ ಬಾಲ ಮುಂತಾದ ದುಬಾರಿ ಪದಾರ್ಥಗಳು ಅದರಲ್ಲಿದ್ದವು. ಒಲಿವ್ಯೇ 1883ರಲ್ಲಿ ತೀರಿಕೊಂಡರು. ತಮ್ಮ ಪಾಕವನ್ನು ಅವರು ಅಚ್ಚು ಮಾಡಿಸಿ ಹೋಗಲಿಲ್ಲ. ಮುಂದೆ ಬಂದ ಪುಸ್ತಕಗಳಲ್ಲಿ ಒಂದೊಂದು ಒಂದೊಂದು ರೀತಿ ಹೇಳುತ್ತದೆ.

1917ರ ಕ್ರಾಂತಿಯ ನಂತರ ಆ ಭೋಜನಶಾಲೆಯೂ ಉಳಿಯಲಿಲ್ಲ, ಆ ಪದಾರ್ಥಗಳೂ ಉಳಿಯಲಿಲ್ಲ. ಹಕ್ಕಿಯ ಜಾಗಕ್ಕೆ ಕೋಳಿ ಅಥವಾ ಸಾಸೇಜ್ ಬಂದವು. ಕ್ಯಾರೆಟ್, ಡಬ್ಬಿಯ ಹಸಿರು ಬಟಾಣಿ ಸೇರಿಕೊಂಡವು. ಕಾರ್ಖಾನೆಯಲ್ಲಿ ತಯಾರಾದ ಮಯೊನೇಸ್ 1936ರಿಂದ ಸೋವಿಯತ್ ಅಂಗಡಿಗಳಿಗೆ ಬಂತು. ಅದೇ ವರ್ಷ 'ಡಾಕ್ಟರ್ ಸಾಸೇಜ್' ಎಂಬ ಬೇಯಿಸಿದ ಸಾಸೇಜನ್ನೂ ತಯಾರಿಸಿದರು. ದೇಹ ಸೊರಗಿದವರಿಗೆ ಪಥ್ಯದ ಆಹಾರವಾಗಲಿ ಎಂಬುದು ಅದರ ಮೂಲ ಉದ್ದೇಶ, ಹೆಸರೂ ಅದರಿಂದಲೇ ಬಂತು. ಹೊಸವರ್ಷದ ದಿನ ಸಾರ್ವತ್ರಿಕ ರಜೆಯಾದದ್ದು 1947ರ ಕೊನೆಯ ಆದೇಶದಿಂದ. ಧರ್ಮದ ಹಬ್ಬಗಳು ಹಿಂದೆ ಸರಿದ ಆ ಕಾಲದಲ್ಲಿ ಮನೆಮಂದಿಯೆಲ್ಲ ಸೇರುವ ಹಬ್ಬ ಇದೇ ಆಯಿತು. ಬಟಾಣಿ ಡಬ್ಬಿ, ಮಯೊನೇಸ್ ಬಾಟಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಸಿಕ್ಕಾಗಲೇ ಕೊಂಡು ಹಬ್ಬಕ್ಕೆಂದು ಕಪಾಟಿನಲ್ಲಿ ಎತ್ತಿಡುತ್ತಿದ್ದರು. ಅಷ್ಟು ಕಷ್ಟಪಟ್ಟು ಮಾಡಿದ ಪದಾರ್ಥವನ್ನು ಚೆಲ್ಲಲು ಯಾರಿಗೆ ಮನಸ್ಸು ಬರುತ್ತದೆ? ಮಿಕ್ಕಿದ್ದನ್ನು ದಿನಗಟ್ಟಲೆ ಇಟ್ಟು ತಿನ್ನುವ ರೂಢಿಯ ಹಿಂದೆ ಈ ಕೊರತೆಯ ನೆನಪೂ ಇದೆ.

ಎಂಟು ಮಂದಿಗೆ ಬೇಕಾದ ಸಾಮಾನು

ಮಧ್ಯಮ ಗಾತ್ರದ ಆಲೂಗಡ್ಡೆ 4 (ಸುಮಾರು 500 ಗ್ರಾಂ), ಕ್ಯಾರೆಟ್ 2 (150 ಗ್ರಾಂ), ಮೊಟ್ಟೆ 4, ಹಸಿರು ಬಟಾಣಿ ಒಂದು ಡಬ್ಬಿ (ನೀರು ಬಸಿದ ಮೇಲೆ 250 ಗ್ರಾಂ), ಉಪ್ಪುನೀರಿನಲ್ಲಿ ಹುಳಿ ಬರಿಸಿದ ಸೌತೆಕಾಯಿ 3-4 (200 ಗ್ರಾಂ), ಡಾಕ್ಟರ್ ಸಾಸೇಜ್ 300 ಗ್ರಾಂ, ಮಯೊನೇಸ್ 200 ಗ್ರಾಂ. ಮೇಲೆ ಉದುರಿಸಲು ಸಬ್ಬಸಿಗೆ ಸೊಪ್ಪು. ರಷ್ಯದವರಿಗೆ ನಮ್ಮ ಕೊತ್ತಂಬರಿಯಷ್ಟೇ ಬಳಕೆಯ ಸೊಪ್ಪು ಅದು. ಕೆಲವರು ಈರುಳ್ಳಿ, ಕೆಲವರು ಹುಳಿ ಸೇಬು ಹಾಕುತ್ತಾರೆ. ಸಾಸೇಜ್ ಬದಲು ಬೇಯಿಸಿದ ಕೋಳಿ ಹಾಕಿದರೆ ಅದನ್ನು 'ಸ್ತಲೀಚ್ನಿ', ಅಂದರೆ ರಾಜಧಾನಿಯ ಸಲಾಡ್ ಎನ್ನುತ್ತಾರೆ.

ಆಲೂಗಡ್ಡೆ ಆರಿಸುವಾಗ ಬೆಂದರೆ ಪುಡಿಯಾಗದ ಗಟ್ಟಿ ಜಾತಿಯದನ್ನು ನೋಡಿ. ಹಸಿರು ಬಣ್ಣಕ್ಕೆ ತಿರುಗಿದ್ದು, ಮೊಳಕೆ ಬಂದದ್ದು ಬೇಡ. ಹಸಿರು ಭಾಗದಲ್ಲಿ ಸೊಲನೀನ್ ಎಂಬ ವಿಷಕಾರಿ ವಸ್ತು ಹೆಚ್ಚಿರುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ.

ಬೇಯಿಸುವ ಕ್ರಮ

ಆಲೂಗಡ್ಡೆ ಮತ್ತು ಕ್ಯಾರೆಟ್ಟನ್ನು ಮಣ್ಣು ಹೋಗುವಂತೆ ಉಜ್ಜಿ ತೊಳೆದು, ಸಿಪ್ಪೆಸಹಿತ ಇಡಿಯಾಗಿ ತಣ್ಣೀರಿನಲ್ಲಿ ಹಾಕಿ ಒಲೆಯ ಮೇಲಿಡಿ. ಸಿಪ್ಪೆಸಹಿತ ಬೇಯಿಸುವುದನ್ನು ರಷ್ಯದವರು 'ಸಮವಸ್ತ್ರದಲ್ಲಿ' ಬೇಯಿಸುವುದು ಎನ್ನುತ್ತಾರೆ. ಸಿಪ್ಪೆ ಇದ್ದರೆ ಸಿ ಜೀವಸತ್ವ, ಪೊಟ್ಯಾಸಿಯಂ ನೀರಿಗೆ ಹರಿದುಹೋಗುವುದು ಕಡಿಮೆ. ಹೋಳುಗಳೂ ನೀರು ಕುಡಿದು ಮೆತ್ತಗಾಗುವುದಿಲ್ಲ. ನೀರು ಕುದಿಯಲು ಶುರುವಾದ ಮೇಲೆ ಉರಿ ತಗ್ಗಿಸಿ 20ರಿಂದ 30 ನಿಮಿಷ ಬೇಯಿಸಿ. ಚಾಕುವಿನ ತುದಿ ಸಲೀಸಾಗಿ ಒಳಗೆ ಇಳಿದರೆ ಸಾಕು.

ಮೂತ್ರಪಿಂಡದ ಕಾಯಿಲೆಯಿದ್ದು ವೈದ್ಯರು ಪೊಟ್ಯಾಸಿಯಂ ಕಡಿಮೆ ಮಾಡಿ ಎಂದಿದ್ದರೆ ಇದಕ್ಕೆ ವಿರುದ್ಧವಾಗಿ ಮಾಡಬೇಕು. ಅಂಥವರಿಗಾಗಿ ಆಲೂಗಡ್ಡೆಯ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿಬಿಡಬೇಕು.

ಮೊಟ್ಟೆಯನ್ನು ನೀರು ಕುದಿಯತೊಡಗಿದ ಮೇಲೆ 10 ನಿಮಿಷ ಬೇಯಿಸಿ, ಹಳದಿ ಭಾಗ ಪೂರ್ತಿ ಗಟ್ಟಿಯಾಗಬೇಕು. ಅರೆಬೆಂದ ಮೊಟ್ಟೆ ಈ ಸಲಾಡಿಗೆ ಸಲ್ಲದು. ಬೆಂದ ಕೂಡಲೆ ತಣ್ಣೀರಿಗೆ ಹಾಕಿದರೆ ಸಿಪ್ಪೆ ಸುಲಭವಾಗಿ ಬಿಡುತ್ತದೆ.

ತಣಿಸುವುದೇ ಮುಖ್ಯ ಹಂತ

ಬಹಳ ಮನೆಗಳಲ್ಲಿ ತಪ್ಪು ಶುರುವಾಗುವುದು ಇಲ್ಲಿ. ಸಂಜೆಯ ಅವಸರದಲ್ಲಿ ಆಲೂಗಡ್ಡೆ ಇನ್ನೂ ಬೆಚ್ಚಗಿರುವಾಗಲೇ ಹೆಚ್ಚಿ ಮಯೊನೇಸ್ ಸುರಿದು ಕಲಸುತ್ತಾರೆ. ಬೆಚ್ಚಗಿನ ಹೋಳಿಗೆ ತಾಗಿದ ಮಯೊನೇಸ್ ಒಡೆದು ಎಣ್ಣೆ ಬಿಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಆಳವಾದ ಬೋಗುಣಿಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಉಳಿಯುತ್ತದೆ. ಫ್ರಿಜ್‌ನಲ್ಲಿಟ್ಟರೂ ಒಳಗಿನ ಬಿಸಿ ಹೊರಬರಲು ಬಹಳ ಹೊತ್ತು ಬೇಕು.

ರೋಗಾಣುಗಳು ಚೆನ್ನಾಗಿ ಬೆಳೆಯುವುದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಮೈ ಬೆಚ್ಚಗಿರುವಷ್ಟು ಶಾಖ, ತೇವ, ಪಿಷ್ಟ, ಸಸಾರಜನಕ ಎಲ್ಲ ಒಟ್ಟಿಗೆ ಸಿಕ್ಕಿದರೆ ಕೆಲವು ರೋಗಾಣುಗಳು ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಆ ಲೆಕ್ಕದಲ್ಲಿ ಒಂದು ರೋಗಾಣು 2 ಗಂಟೆಯಲ್ಲಿ 64 ಆಗುತ್ತದೆ. 4 ಗಂಟೆಯಲ್ಲಿ 4,096. 6 ಗಂಟೆಯಲ್ಲಿ 2,62,144. ಕೋಣೆಯ ಶಾಖದಲ್ಲಿ ವೇಗ ಇದಕ್ಕಿಂತ ಕಡಿಮೆ ಇರುತ್ತದೆ, ನಿಜ. ಆದರೆ ಬೆಳವಣಿಗೆ ನಿಲ್ಲುವುದಿಲ್ಲ. ಮೊದಲ ಎರಡು ಗಂಟೆಗೂ ನಂತರದ ಎರಡು ಗಂಟೆಗೂ ಎಷ್ಟು ಅಂತರ ಎಂಬುದನ್ನು ಈ ಲೆಕ್ಕದಿಂದ ತಿಳಿಯಬಹುದು.

ಆದ್ದರಿಂದ ಬೆಂದ ತರಕಾರಿಯನ್ನು ನೀರಿನಿಂದ ತೆಗೆದು ಅಗಲವಾದ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ. ಕೈಗೆ ತಣ್ಣಗೆ ಅನಿಸಿದ ಕೂಡಲೆ ಸಿಪ್ಪೆ ಸುಲಿಯದೆ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ಗೆ ಇಡಿ. ಹಿಂದಿನ ಸಂಜೆಯೇ ಬೇಯಿಸಿಟ್ಟುಕೊಂಡರೆ ಇನ್ನೂ ಅನುಕೂಲ. ತಣ್ಣಗಾದ ಆಲೂಗಡ್ಡೆ ಹೆಚ್ಚುವಾಗ ಮುದ್ದೆಯಾಗದೆ ಒಂದೊಂದು ಹೋಳೂ ಬಿಡಿಬಿಡಿಯಾಗಿ ಬರುತ್ತದೆ.

ಬೆಂದ ಆಲೂಗಡ್ಡೆಯನ್ನು ಹಾಳೆಯಲ್ಲಿ ಸುತ್ತಿ ಹೊರಗೇ ಬಿಡುವುದು ಇನ್ನೂ ಅಪಾಯ. 1994ರಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಎಲ್ ಪಾಸೋ ನಗರದಲ್ಲಿ 30 ಮಂದಿ ಬಾಟುಲಿಸಂ ಎಂಬ ಗಂಭೀರ ವಿಷಬಾಧೆಗೆ ಗುರಿಯಾದರು. ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಸುಟ್ಟ ಆಲೂಗಡ್ಡೆಯನ್ನು ಹಾಗೆಯೇ ಕೋಣೆಯ ಶಾಖದಲ್ಲಿ ಇಟ್ಟು, ನಂತರ ಅದರಿಂದ ತಣ್ಣನೆಯ ಪದಾರ್ಥ ತಯಾರಿಸಿದ್ದರು. ಹಾಳೆಯೊಳಗೆ ಗಾಳಿಯಾಡದ ಕಾರಣ ಮಣ್ಣಿನ ರೋಗಾಣು ಅಲ್ಲಿಯೇ ವಿಷ ಉಂಟುಮಾಡಿತು.

ಹೆಚ್ಚುವಾಗ, ಕಲಸುವಾಗ

ಹೋಳುಗಳು ಬಟಾಣಿ ಕಾಳಿನಷ್ಟೇ ಇರಬೇಕು ಎಂಬುದು ಅಲ್ಲಿನ ಗೃಹಿಣಿಯರ ನಿಯಮ. ಆಗ ಪ್ರತಿ ಚಮಚದಲ್ಲೂ ಎಲ್ಲ ಪದಾರ್ಥ ಸಿಗುತ್ತದೆ. ಸೌತೆಕಾಯಿಯನ್ನು ಹೆಚ್ಚಿದ ಮೇಲೆ ಹಿಂಡಿ ನೀರು ತೆಗೆಯಿರಿ, ಇಲ್ಲದಿದ್ದರೆ ಸಲಾಡ್ ನೀರಾಗುತ್ತದೆ. ಬಟಾಣಿಯನ್ನು ಜಾಲರಿಯಲ್ಲಿ ಬಸಿದು ಒಮ್ಮೆ ತಣ್ಣೀರಿನಲ್ಲಿ ತೊಳೆದರೆ ಡಬ್ಬಿಯ ಉಪ್ಪು ಸ್ವಲ್ಪ ಇಳಿಯುತ್ತದೆ. ಡಬ್ಬಿ ಉಬ್ಬಿದ್ದರೆ, ತೆರೆದಾಗ ರಭಸದಿಂದ ಚಿಮ್ಮಿದರೆ, ವಾಸನೆ ಬಂದರೆ ರುಚಿ ನೋಡಲು ಕೂಡ ಬಾಯಿಗೆ ಹಾಕಬೇಡಿ.

ಹೆಚ್ಚುವವರ ಕೈ ಬಹಳ ಮುಖ್ಯ. ಆರೋಗ್ಯವಂತರ ಮೂಗಿನಲ್ಲಿ, ಚರ್ಮದ ಮೇಲೆ ಕೂಡ ಸ್ಟೆಫಿಲೊಕಾಕಸ್ ಎಂಬ ರೋಗಾಣು ಇರಬಹುದು. ಬೆರಳಿಗೆ ಗಾಯವಾಗಿ ಕೀವು ತುಂಬಿದ್ದರೆ ಅದರಲ್ಲಿ ಇನ್ನೂ ಹೆಚ್ಚು. ಇದು ಆಹಾರದಲ್ಲಿ ಬೆಳೆದು ಬಿಡುವ ವಿಷ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಗಾಯವಿದ್ದವರು, ಭೇದಿ ಅಥವಾ ನೆಗಡಿ ಇದ್ದವರು ಆ ದಿನ ಹೆಚ್ಚುವ ಕೆಲಸ ಬೇರೆಯವರಿಗೆ ಬಿಡಲಿ. ಉಳಿದವರು ಸೋಪು ಹಚ್ಚಿ ಕೈ ತೊಳೆದು ಕೂರಲಿ. ಹಸಿ ಕೋಳಿ ಕತ್ತರಿಸಿದ ಮಣೆ, ಚಾಕುವನ್ನು ತೊಳೆಯದೆ ಬೆಂದ ತರಕಾರಿಗೆ ಬಳಸಬೇಡಿ. ಎರಡಕ್ಕೂ ಬೇರೆ ಬೇರೆ ಮಣೆ ಇದ್ದರೆ ಒಳ್ಳೆಯದು.

ಎಲ್ಲವನ್ನೂ ಹೆಚ್ಚಿದ ಮೇಲೆ ಮಯೊನೇಸ್ ಹಾಕದೆ ಬೆರೆಸಿ, ಎರಡು ಮೂರು ಸಣ್ಣ ಡಬ್ಬಿಗಳಲ್ಲಿ ತುಂಬಿ ಫ್ರಿಜ್‌ನಲ್ಲಿಡಿ. ಊಟಕ್ಕೆ ಕೂರುವ ಸ್ವಲ್ಪ ಮೊದಲು ಒಂದು ಡಬ್ಬಿಯಷ್ಟನ್ನು ಮಾತ್ರ ಹೊರತೆಗೆದು ಮಯೊನೇಸ್ ಸೇರಿಸಿ ಕಲಸಿ. ಅದು ಮುಗಿದ ಮೇಲೆ ಇನ್ನೊಂದು ಡಬ್ಬಿ. ಇದೊಂದೇ ಬದಲಾವಣೆಯಿಂದ ಅರ್ಧ ಅಪಾಯ ಕಡಿಮೆಯಾಗುತ್ತದೆ.

ಅಪರಾಧಿ ಮಯೊನೇಸ್ ಒಂದೇ ಅಲ್ಲ

ಸಲಾಡ್ ತಿಂದು ಹೊಟ್ಟೆ ಕೆಟ್ಟರೆ ಎಲ್ಲರೂ ದೂರುವುದು ಮಯೊನೇಸನ್ನು. ಆದರೆ ಕಾರ್ಖಾನೆಯ ಮಯೊನೇಸ್‌ನಲ್ಲಿ ಶಾಖದಿಂದ ಶುದ್ಧಿಗೊಳಿಸಿದ ಮೊಟ್ಟೆ ಬಳಸುವುದು ಸಾಮಾನ್ಯ. ಅದರಲ್ಲಿರುವ ವಿನಿಗರ್‌ನ ಹುಳಿಯಲ್ಲಿ ರೋಗಾಣುಗಳು ಬೆಳೆಯುವುದು ಕಷ್ಟ. ಆಲೂಗಡ್ಡೆ, ಮೊಟ್ಟೆ, ಮಾಂಸದ ಜೊತೆ ಕಲಸಿದಾಗ ಆ ಹುಳಿ ಹಂಚಿಹೋಗಿ ಸಪ್ಪೆಯಾಗುತ್ತದೆ. ಆಗ ರೋಗಾಣುಗಳಿಗೆ ತಡೆ ಇರುವುದಿಲ್ಲ. ಅಂದರೆ ಕೆಡುವುದು ಕಲಸಿದ ಸಲಾಡ್.

ಮನೆಯಲ್ಲೇ ಹಸಿ ಮೊಟ್ಟೆಯ ಹಳದಿಯಿಂದ ಕಡೆದ ಮಯೊನೇಸ್ ಮಾತ್ರ ಬೇರೆ ವಿಷಯ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಇರಬಹುದು. ನಮ್ಮ ನೆರೆಯ ರಾಜ್ಯಗಳು ಕೂಡ ಇದನ್ನು ಗಂಭೀರವಾಗಿ ತೆಗೆದುಕೊಂಡಿವೆ. ಹಸಿ ಮೊಟ್ಟೆಯ ಮಯೊನೇಸನ್ನು ಕೇರಳ 2023ರಲ್ಲಿ ನಿಷೇಧಿಸಿತು. 2024ರಲ್ಲಿ ತೆಲಂಗಾಣ, 2025ರಲ್ಲಿ ತಮಿಳುನಾಡು ಒಂದೊಂದು ವರ್ಷದ ಅವಧಿಗೆ ಇದೇ ಕ್ರಮ ಕೈಗೊಂಡವು. ಮನೆಯಲ್ಲಿ ಮಾಡಲೇಬೇಕೆಂದರೆ ಮೊಟ್ಟೆಯಿಲ್ಲದೆ, ಗಟ್ಟಿ ಹುಳಿಕೆನೆಗೆ ಸ್ವಲ್ಪ ಸಾಸಿವೆ ಮತ್ತು ಮೆಣಸಿನ ಪುಡಿ ಕಲಸಿ ಬಳಸಬಹುದು. ಹುಳಿಕೆನೆಯನ್ನು ರಷ್ಯದಲ್ಲಿ ಸ್ಮೆತಾನಾ ಎನ್ನುತ್ತಾರೆ. ನಮ್ಮಲ್ಲಾದರೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು ಆ ಕೆಲಸ ಮಾಡುತ್ತದೆ.

ಎಷ್ಟು ಹೊತ್ತು ಇಡಬಹುದು?

ಮೇಜಿನ ಮೇಲೆ ಎರಡು ಗಂಟೆ, ಅದಕ್ಕಿಂತ ಹೆಚ್ಚು ಬೇಡ. ಹೊರಗಿನ ಶಾಖ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಹೊರಗೆ ಹಿಮ ಬೀಳುತ್ತಿದೆಯಲ್ಲ ಎಂದು ರಷ್ಯದವರು ಅಂದುಕೊಳ್ಳಬಹುದು. ಆದರೆ ಅಲ್ಲಿನ ಮನೆಗಳನ್ನು ಚಳಿಗಾಲದಲ್ಲಿ ಬಿಸಿನೀರಿನ ಕೊಳವೆಗಳಿಂದ ಬೆಚ್ಚಗಿಟ್ಟಿರುತ್ತಾರೆ. ಒಳಗೆ 20 ಡಿಗ್ರಿಗೂ ಮೇಲೆ ಇರುತ್ತದೆ. ಸಲಾಡಿಗೆ ಅದು ಬೇಸಿಗೆಯೇ.

ಇನ್ನೊಂದು ರೂಢಿಯೂ ಅಲ್ಲಿದೆ. ಹಬ್ಬದ ದಿನ ಫ್ರಿಜ್ ತುಂಬಿಹೋದರೆ ಬೋಗುಣಿಯನ್ನು ಬಾಲ್ಕನಿಗೆ ಸಾಗಿಸುತ್ತಾರೆ. ಹೊರಗಿನ ಶಾಖ ನಮ್ಮ ಕೈಯಲ್ಲಿಲ್ಲ. ರಾತ್ರಿ ಹೆಪ್ಪುಗಟ್ಟಿದ ಸಲಾಡ್, ಗಾಜು ಹಾಕಿದ ಬಾಲ್ಕನಿಯಲ್ಲಿ ಹಗಲು ಬಿಸಿಲು ಬಿದ್ದರೆ ಕರಗಿ ನೀರೊಡೆಯುತ್ತದೆ. ಬಾಲ್ಕನಿಗೆ ಜಾಮು, ಪಾನೀಯದ ಬಾಟಲಿಗಳನ್ನು ಕಳಿಸಿ. ಫ್ರಿಜ್‌ನ ಜಾಗ ಸಲಾಡಿಗಿರಲಿ.

ಹೋಟೆಲು, ಅಂಗಡಿಗಳಿಗಾಗಿ ರಷ್ಯದಲ್ಲಿ 2003ರಲ್ಲಿ ಬಂದ ನೈರ್ಮಲ್ಯ ನಿಯಮ ಇಂಥ ಸಲಾಡಿಗೆ 2ರಿಂದ 6 ಡಿಗ್ರಿ ತಂಪಿನಲ್ಲಿ, ಮಯೊನೇಸ್ ಹಾಕದಿದ್ದರೆ 18 ಗಂಟೆ, ಹಾಕಿದ್ದರೆ 12 ಗಂಟೆ ಎಂದು ಮಿತಿ ಹಾಕಿತ್ತು. ಮನೆಯಲ್ಲಿಯೂ ಇದನ್ನೇ ಅನುಸರಿಸಿದರೆ ಒಳ್ಳೆಯದು. ರಾತ್ರಿ ಹತ್ತಕ್ಕೆ ಕಲಸಿ, ಬೇಗ ಫ್ರಿಜ್‌ಗೆ ಸೇರಿದ ಸಲಾಡನ್ನು ಮರುದಿನ ಬೆಳಗಿನ ತಿಂಡಿಗೆ ತಿನ್ನಬಹುದು. ರಾತ್ರಿಯಿಡೀ ಮೇಜಿನ ಮೇಲಿದ್ದದ್ದನ್ನು ಬೆಳಿಗ್ಗೆ ಫ್ರಿಜ್‌ಗೆ ಇಟ್ಟರೆ ಪ್ರಯೋಜನವಿಲ್ಲ. ತಂಪು ರೋಗಾಣುಗಳ ಬೆಳವಣಿಗೆಯನ್ನು ನಿಧಾನ ಮಾಡುತ್ತದೆ, ಬೆಳೆದದ್ದನ್ನು ಕೊಲ್ಲುವುದಿಲ್ಲ. ಅಂಥದನ್ನು ಚೆಲ್ಲಬೇಕು. ಮೂಸಿ ನೋಡಿ ತೀರ್ಮಾನಿಸುವ ಅಭ್ಯಾಸವೂ ನಂಬುವಂಥದಲ್ಲ. ಕಾಯಿಲೆ ತರುವ ರೋಗಾಣುಗಳು ಅನೇಕ ವೇಳೆ ವಾಸನೆಯನ್ನೂ ರುಚಿಯನ್ನೂ ಬದಲಿಸುವುದಿಲ್ಲ.

ಕೊಬ್ಬು, ಉಪ್ಪಿನ ಲೆಕ್ಕ

ಮೇಲೆ ಹೇಳಿದ ಅಳತೆಯಲ್ಲಿ ಮಾಡಿದ ಸಲಾಡ್ ಒಟ್ಟು ಸುಮಾರು 1,800 ಗ್ರಾಂ ಆಗುತ್ತದೆ. ಅದರ ಶಕ್ತಿ ಸುಮಾರು 3,000 ಕ್ಯಾಲೊರಿ. ಎಂಟು ಪಾಲು ಮಾಡಿದರೆ ತಲಾ 375. ಇದರಲ್ಲಿ ಆಲೂಗಡ್ಡೆಯದು ಬರೀ 425 ಕ್ಯಾಲೊರಿ, ಮಯೊನೇಸಿನದು 1,250. ಸಾಸೇಜಿನದು ಸುಮಾರು 770. 'ಆಲೂಗಡ್ಡೆ ತಿಂದು ದಪ್ಪಗಾದೆ' ಎನ್ನುವವರು ಈ ಲೆಕ್ಕವನ್ನು ಗಮನಿಸಬೇಕು. ಇಡೀ ಸಲಾಡಿನ ಮೂರನೇ ಎರಡು ಭಾಗ ಶಕ್ತಿ ಬರುವುದು ಮಯೊನೇಸ್ ಮತ್ತು ಸಾಸೇಜಿನಿಂದ.

ರುಚಿ ಕೆಡಿಸದೆ ಇದನ್ನು ತಗ್ಗಿಸಬಹುದು. ಸಾಸೇಜ್ ಬದಲು ಚರ್ಮ ತೆಗೆದು ಬೇಯಿಸಿದ ಕೋಳಿಯ ಎದೆಮಾಂಸ ಹಾಕಿ. ಮಯೊನೇಸ್ ಅರ್ಧ ಮಾಡಿ, ಉಳಿದರ್ಧಕ್ಕೆ ಕಡಿಮೆ ಕೊಬ್ಬಿನ ಹುಳಿಕೆನೆ ಬೆರೆಸಿ. ಆಗ ಒಟ್ಟು ಸುಮಾರು 2,200 ಕ್ಯಾಲೊರಿಗೆ ಇಳಿಯುತ್ತದೆ. ತಲಾ 275. ತಿನ್ನುವ ಪ್ರಮಾಣದಲ್ಲಿ ಒಂದು ಚಮಚವೂ ಕಡಿಮೆಯಾಗುವುದಿಲ್ಲ.

ಉಪ್ಪಿನ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಸೌತೆಕಾಯಿ, ಸಾಸೇಜ್, ಮಯೊನೇಸ್, ಡಬ್ಬಿಯ ಬಟಾಣಿ ನಾಲ್ಕರಲ್ಲೂ ಉಪ್ಪು ಮೊದಲೇ ಇದೆ. ಒಟ್ಟು ಸೇರಿಸಿದರೆ ಸುಮಾರು 15 ಗ್ರಾಂ ಆಗಬಹುದು. ಅಂದರೆ ಒಂದು ಪಾಲಿನಲ್ಲಿ ಹತ್ತಿರ ಹತ್ತಿರ 2 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು. ಆದ್ದರಿಂದ ಮೇಲಿನಿಂದ ಉಪ್ಪು ಹಾಕಲೇಬೇಡಿ. ರಕ್ತದೊತ್ತಡ ಇರುವವರ ಪಾಲಿಗೆ ಸೌತೆಕಾಯಿ ಕಡಿಮೆ ಮಾಡಿ, ಹುಳಿ ಸೇಬು ಹೆಚ್ಚು ಹಾಕಿದರೆ ರುಚಿ ಸಪ್ಪೆಯಾಗುವುದಿಲ್ಲ.

ಸಕ್ಕರೆ ಕಾಯಿಲೆ ಇರುವವರು ಆಲೂಗಡ್ಡೆ ಎಂದ ಕೂಡಲೆ ಹೆದರಬೇಕಿಲ್ಲ. ಒಂದು ಪಾಲಿನಲ್ಲಿ ಸುಮಾರು 18 ಗ್ರಾಂ ಶರ್ಕರಪಿಷ್ಟ ಇರುತ್ತದೆ, ಒಂದು ಮಧ್ಯಮ ಚಪಾತಿಯಷ್ಟು. ಬೆಂದು ತಣ್ಣಗಾದ ಆಲೂಗಡ್ಡೆಯಲ್ಲಿ ಪಿಷ್ಟದ ಒಂದಂಶ ಸುಲಭವಾಗಿ ಜೀರ್ಣವಾಗದ ರೂಪಕ್ಕೆ ತಿರುಗುವುದರಿಂದ, ಬಿಸಿ ಆಲೂಗಡ್ಡೆಗಿಂತ ರಕ್ತದ ಸಕ್ಕರೆ ನಿಧಾನವಾಗಿ ಏರುತ್ತದೆ. ಇದು ಹೆಚ್ಚು ತಿನ್ನಲು ಪರವಾನಗಿಯಲ್ಲ. ಸಲಾಡ್ ತಿಂದ ಹೊತ್ತಿನಲ್ಲಿ ಬ್ರೆಡ್ಡನ್ನು ಅಷ್ಟರಮಟ್ಟಿಗೆ ಬಿಡಬೇಕು.

ಇನ್ನೂ ಹಗುರವಾದದ್ದು ಬೇಕೆಂದರೆ 'ವಿನೆಗ್ರೆತ್' ಎಂಬ ಸಲಾಡ್ ಇದೆ. ಬೆಂದ ಬೀಟ್‌ರೂಟ್, ಆಲೂಗಡ್ಡೆ, ಕ್ಯಾರೆಟ್, ಹುಳಿಬಂದ ಎಲೆಕೋಸು ಅಥವಾ ಸೌತೆಕಾಯಿಗೆ ಸೂರ್ಯಕಾಂತಿ ಎಣ್ಣೆ ಮಾತ್ರ ಹಾಕಿ ಕಲಸುತ್ತಾರೆ. ರಷ್ಯದ ಸಾಂಪ್ರದಾಯಿಕ ಕ್ರೈಸ್ತರಿಗೆ ಕ್ರಿಸ್‌ಮಸ್ ಬರುವುದು ಜನವರಿ 7ರಂದು. ನವೆಂಬರ್ 28ರಿಂದ ಜನವರಿ 6ರವರೆಗೆ ಉಪವಾಸದ ಕಾಲ. ಮಾಂಸ, ಮೊಟ್ಟೆ, ಹಾಲು ಬಿಟ್ಟವರಿಗೆ ಹೊಸವರ್ಷದ ರಾತ್ರಿ ಈ ಸಲಾಡೇ ಒದಗುತ್ತದೆ. ನಮ್ಮ ಸಸ್ಯಾಹಾರಿಗಳಿಗೂ ಇದು ಹೊಂದುತ್ತದೆ.

ಯಾರಿಗೆ ಹೆಚ್ಚು ಎಚ್ಚರ ಬೇಕು?

ಗರ್ಭಿಣಿಯರು, ಐದು ವರ್ಷದೊಳಗಿನ ಮಕ್ಕಳು, ವೃದ್ಧರು, ಕ್ಯಾನ್ಸರ್ ಮುಂತಾದ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು ಆಗತಾನೆ ಕಲಸಿದ್ದನ್ನು ಮಾತ್ರ ತಿನ್ನಬೇಕು. ಮಿಕ್ಕಿದ್ದನ್ನು ಅವರಿಗೆ ಕೊಡಬೇಡಿ. ಸಿದ್ಧ ಸಾಸೇಜ್‌ನಲ್ಲಿ ಲಿಸ್ಟೀರಿಯಾ ಎಂಬ ರೋಗಾಣು ಇರಬಹುದು. ಅದು ಫ್ರಿಜ್‌ನ ತಂಪಿನಲ್ಲೂ ಬೆಳೆಯುತ್ತದೆ. ಗರ್ಭದಲ್ಲಿರುವ ಮಗುವಿಗೂ ಅಪಾಯ ತರಬಲ್ಲದು. ಇಂಥವರಿಗಾಗಿ ಸಾಸೇಜನ್ನು ಹಬೆಯಾಡುವಷ್ಟು ಬಿಸಿ ಮಾಡಿ, ತಣಿಸಿ, ಆಮೇಲೆ ಹೆಚ್ಚಿ. ಮೊಟ್ಟೆ ಅಥವಾ ಸಾಸಿವೆ ಒಗ್ಗದವರು ಅತಿಥಿಗಳಲ್ಲಿ ಇದ್ದಾರೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಹೊಟ್ಟೆ ಕೆಟ್ಟರೆ

ತಿಂದ ಒಂದರಿಂದ ಆರು ಗಂಟೆಯೊಳಗೆ ಜೋರಾಗಿ ವಾಂತಿ ಶುರುವಾದರೆ ಅದು ಬಹುಮಟ್ಟಿಗೆ ಸ್ಟೆಫಿಲೊಕಾಕಸ್‌ನ ವಿಷ. ಸಾಮಾನ್ಯವಾಗಿ ಒಂದು ದಿನದಲ್ಲಿ ತಗ್ಗುತ್ತದೆ. ಆರು ಗಂಟೆಯಿಂದ ಮೂರು ದಿನದೊಳಗೆ ಜ್ವರ, ಹೊಟ್ಟೆನುಲಿತ, ಭೇದಿ ಕಾಣಿಸಿಕೊಂಡರೆ ಸಾಲ್ಮೊನೆಲ್ಲಾ ಇರಬಹುದು. ಹೀಗಾಗಿ ಜನವರಿ 3ರಂದು ಶುರುವಾದ ಭೇದಿಗೂ ಹಬ್ಬದ ರಾತ್ರಿಯ ಊಟ ಕಾರಣವಾಗಿರಬಹುದು. ವೈದ್ಯರಲ್ಲಿ ಇದನ್ನು ಹೇಳಲು ಮರೆಯಬೇಡಿ.

ಮೊದಲ ಚಿಕಿತ್ಸೆ ದೇಹದ ನೀರನ್ನು ತುಂಬಿಸುವುದು. ಅಂಗಡಿಯ ಓ.ಆರ್.ಎಸ್. ಪೊಟ್ಟಣ ಉತ್ತಮ. ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಪಾಟಾಗಿ ಆರು ಟೀ ಚಮಚ ಸಕ್ಕರೆ, ಸಪಾಟಾಗಿ ಅರ್ಧ ಟೀ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸಿ. ಜ್ವರವಿದ್ದಾಗ, ಮಲದಲ್ಲಿ ರಕ್ತ ಕಂಡಾಗ ಭೇದಿ ನಿಲ್ಲಿಸುವ ಮಾತ್ರೆಯನ್ನು ತಾವಾಗಿಯೇ ನುಂಗಬಾರದು. ರಕ್ತ ಬಿದ್ದರೆ, ಜ್ವರ 39 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಕುಡಿದ ನೀರೂ ನಿಲ್ಲದಿದ್ದರೆ, ಎಂಟು ಗಂಟೆ ಮೂತ್ರವಾಗದಿದ್ದರೆ, ಮಗು ಮಂಕಾದರೆ ತಡಮಾಡದೆ ವೈದ್ಯರ ಬಳಿಗೆ ಹೋಗಿ. ಒಂದು ವಸ್ತು ಎರಡಾಗಿ ಕಾಣುವುದು, ನುಂಗಲು ಕಷ್ಟವಾಗುವುದು, ಮಾತು ತೊದಲುವುದು ಬಾಟುಲಿಸಂ ಲಕ್ಷಣಗಳು. ಇದಕ್ಕೆ ಆಸ್ಪತ್ರೆಯೇ ಗತಿ.

ವೈದ್ಯಕೀಯ ಓದಲು ರಷ್ಯಕ್ಕೆ ಹೋದ ಕನ್ನಡದ ಹುಡುಗ ಹುಡುಗಿಯರು ಪ್ರತಿ ವರ್ಷವೂ ಇದ್ದೇ ಇರುತ್ತಾರೆ. ಹೊಸವರ್ಷಕ್ಕೆ ಸ್ನೇಹಿತರ ಮನೆಯ ಮೇಜಿನಲ್ಲಿ ಅವರಿಗೂ ಒಂದು ಜಾಗ ಸಿಗುತ್ತದೆ. ಸಸ್ಯಾಹಾರಿಗಳಾದರೆ ಸಲಾಡ್ ಎಂಬ ಹೆಸರು ನೋಡಿ ಮೋಸ ಹೋಗದೆ, ಮಾಂಸ ಇದೆಯೇ ಎಂದು ಮೊದಲೇ ಕೇಳಬೇಕು. ಅಲ್ಲಿ ಆಂಬುಲೆನ್ಸ್ ಕರೆಯಲು 103, ಯಾವುದೇ ತುರ್ತಿಗೆ 112 ಎಂಬುದನ್ನು ಬರೆದಿಟ್ಟುಕೊಳ್ಳಲಿ.

ದೊಡ್ಡ ಬೋಗುಣಿ ತುಂಬಿದ್ದರೆ ಮನೆ ತುಂಬಿದಂತೆ ಎಂಬ ಭಾವನೆ ಎಲ್ಲ ದೇಶದ ಹಿರಿಯರಲ್ಲೂ ಇದೆ. ಆ ಸಂತೋಷವನ್ನು ಬಿಡಬೇಕಾಗಿಲ್ಲ. ಹೆಚ್ಚಿದ ತರಕಾರಿ ಎಷ್ಟಾದರೂ ಇರಲಿ, ಕಲಸುವುದು ಮಾತ್ರ ಆ ಹೊತ್ತಿನ ಊಟಕ್ಕೆ ಬೇಕಾದಷ್ಟೇ ಇರಲಿ. ಬೇಗ ತಣಿಸಿ, ತಂಪಿನಲ್ಲಿಡಿ, ಎರಡು ಗಂಟೆಯೊಳಗೆ ಮೇಜಿನಿಂದ ಎತ್ತಿ. ಇಷ್ಟು ಮಾಡಿದರೆ ವರ್ಷದ ಮೊದಲ ದಿನವನ್ನು ಆಸ್ಪತ್ರೆಯಲ್ಲಿ ಕಳೆಯುವ ಪ್ರಸಂಗ ಬರಲಾರದು.